‘ಎ.ಎಂ.’ ಗೊತ್ತು, ‘ಎ.ಎನ್.’ ಗೊತ್ತೇ?

ನಮ್ಮ ನೆರೆಮನೆಯ ಹುಡುಗಿಯೊಬ್ಬಳಿಗೆ ಒಂದು ಕೋರ್ಸಿನ ಸಂದರ್ಶನಕ್ಕೆ ಕರೆ ಬಂದಿತ್ತು. ಒಂದನೆಯ ತರಗತಿಯಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲೇ ಓದಿ ಒಳ್ಳೆಯ ಅಂಕ ತೆಗೆದವಳು. ಕರೆಪತ್ರ ಇಂಗ್ಲಿಷಿನಲ್ಲಿತ್ತು. ಅವಳ ಹೆಸರಿನ ಮುಂದೆ ತಾರೀಖು ಇತ್ತು, ಗಂಟೆ ಇರಲಿಲ್ಲ. ಗಂಟೆಯ ಜಾಗದಲ್ಲಿ ಇದ್ದದ್ದು ಎರಡೇ ಅಕ್ಷರ: ‘ಎಫ್.ಎನ್.’ ಪಟ್ಟಿಯ ಉಳಿದರ್ಧ ಹೆಸರುಗಳ ಮುಂದೆ ‘ಎ.ಎನ್.’ ಎಂದಿತ್ತು. ಅವಳ ತಂದೆ ಲೆಕ್ಕ ಹಾಕಿದರು. ಎ.ಎಂ. ಎಂದರೆ ಬೆಳಿಗ್ಗೆ, ಅದರಲ್ಲಿ ಎ ಇದೆ. ಹಾಗಾದರೆ ಎ.ಎನ್. ಎಂದರೆ ಬೆಳಿಗ್ಗೆಯವರು. ನಮ್ಮದರಲ್ಲಿ ಎ ಇಲ್ಲ, ಆದ್ದರಿಂದ ನಮ್ಮದು ಮಧ್ಯಾಹ್ನದ ಮೇಲೆ.

ಅಪ್ಪ ಮಗಳು ಊಟ ಕಟ್ಟಿಕೊಂಡು ಬಸ್ಸು ಹತ್ತಿ ಒಂದು ಗಂಟೆಗೆ ಅಲ್ಲಿ ತಲುಪಿದರು. ‘ನಿಮ್ಮ ಸರದಿ ಬೆಳಿಗ್ಗೆಯೇ ಮುಗಿಯಿತಲ್ಲ’ ಎಂದರು ಬಾಗಿಲಲ್ಲಿದ್ದವರು. ಎಫ್.ಎನ್. ಎಂದರೆ ಫೋರ್‌ನೂನ್, ಮಧ್ಯಾಹ್ನಕ್ಕೆ ಮೊದಲು. ಎ.ಎನ್. ಎಂದರೆ ಆಫ್ಟರ್‌ನೂನ್, ಮಧ್ಯಾಹ್ನದ ನಂತರ. ಹುಡುಗಿಗೆ ಒಂದು ವರ್ಷ ಹೋಯಿತು.

ಊರಲ್ಲಿ ಈ ಸುದ್ದಿ ಹರಡಿದಾಗ ಹಲವರು ಆಡಿದ ಮಾತು ಒಂದೇ: ‘ಕನ್ನಡ ಮಾಧ್ಯಮಕ್ಕೆ ಹಾಕಿದರೆ ಹೀಗೇ ಆಗುವುದು.’ ಆ ಮಾತಿಗೆ ಉತ್ತರವಾಗಿ ಈ ಲೇಖನ. ಏಕೆಂದರೆ ಆ ತಂದೆಯ ತರ್ಕದಲ್ಲಿ ತಪ್ಪಿರಲಿಲ್ಲ, ಅವರಿಗೆ ಸಿಕ್ಕ ಅಕ್ಷರಗಳಲ್ಲಿ ತೊಡಕಿತ್ತು. ಆ ತೊಡಕನ್ನು ಶಾಲೆಯಲ್ಲಿ ಯಾರೂ ಬಿಡಿಸಿ ಹೇಳಿರಲಿಲ್ಲ. ಎ.ಎಂ.ಗೂ ಎ.ಎನ್.ಗೂ ನಡುವೆ ಇರುವುದು ಒಂದು ಅಕ್ಷರದ ಅಂತರ, ಅರ್ಥ ಮಾತ್ರ ಪೂರ್ತಿ ಉಲ್ಟಾ. ಇಂಗ್ಲಿಷ್ ಮಾಧ್ಯಮದ ಮಕ್ಕಳನ್ನು ನಿಲ್ಲಿಸಿ ಎ.ಎಂ.ನ ‘ಎ’ ಎಂದರೇನು ಎಂದು ಕೇಳಿ ನೋಡಿ. ‘ಆಫ್ಟರ್ ಮಿಡ್‌ನೈಟ್’ ಎನ್ನುವವರೇ ಹೆಚ್ಚು.

ಎ.ಎಂ., ಪಿ.ಎಂ. ಇಂಗ್ಲಿಷ್ ಮಾತುಗಳೇ ಅಲ್ಲ, ಲ್ಯಾಟಿನ್. ಆಂಟೆ ಎಂದರೆ ಮೊದಲು, ಪೋಸ್ಟ್ ಎಂದರೆ ನಂತರ, ಮೆರಿಡಿಯಂ ಎಂದರೆ ನಡುಹಗಲು. ಆಂಟೆ ಮೆರಿಡಿಯಂ, ನಡುಹಗಲಿಗೆ ಮೊದಲು. ಪೋಸ್ಟ್ ಮೆರಿಡಿಯಂ, ನಡುಹಗಲಿನ ನಂತರ. ಪೋಸ್ಟ್ ಮಾರ್ಟಂ ಎಂಬ ಮಾತು ನಮ್ಮ ಎಲ್ಲ ಮನೆಗಳಿಗೂ ಗೊತ್ತು. ಸತ್ತ ನಂತರದ ಪರೀಕ್ಷೆ. ಅಲ್ಲಿರುವುದೇ ಇಲ್ಲಿಯ ಪೋಸ್ಟ್. ಇಷ್ಟನ್ನು ಮೂರನೆಯ ತರಗತಿಯ ಮಗುವಿಗೆ ಕನ್ನಡದಲ್ಲೇ ಐದು ನಿಮಿಷದಲ್ಲಿ ಹೇಳಬಹುದು. ಒಮ್ಮೆ ತಿಳಿದ ಮಗು ಮುಂದೆ ಬಾಯಿಪಾಠದ ಮೇಲೆ ನಿಲ್ಲಬೇಕಾಗಿಲ್ಲ.

ಆದರೆ ಗಡಿಯಾಚೆಯ ಕನ್ನಡ ಮಗುವಿಗೆ ಇರುವ ಕಷ್ಟ ಇಷ್ಟರಲ್ಲಿ ಮುಗಿಯುವುದಿಲ್ಲ. ಅದರ ಮುಂದೆ ಮೂರು ಭಾಷೆಯ ಸಂಕ್ಷಿಪ್ತಗಳಿವೆ: ಪಠ್ಯದ ಕನ್ನಡ, ರಾಜ್ಯದ ಭಾಷೆ, ಕಚೇರಿಯ ಇಂಗ್ಲಿಷ್. ಮೂರೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಈ ಡಿಕ್ಕಿಯನ್ನು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕುಳಿತವರು ಕಂಡಿರಲಾರರು.

ಮೊದಲು ನಮ್ಮದನ್ನೇ ನೋಡೋಣ. ಕನ್ನಡದಲ್ಲಿ ಎ.ಎಂ.ಗೆ ಪೂರ್ವಾಹ್ನ, ಪಿ.ಎಂ.ಗೆ ಅಪರಾಹ್ನ ಎನ್ನುತ್ತೇವೆ. ಕರಾವಳಿಯ ಆಮಂತ್ರಣಪತ್ರಗಳಲ್ಲಿ ಇವು ದಿನಬಳಕೆಯ ಮಾತು. ಫೋನನ್ನು ಕನ್ನಡಕ್ಕೆ ತಿರುಗಿಸಿದರೂ ಇವೇ ಕಾಣುತ್ತವೆ. ಚಿಕ್ಕದಾಗಿಸಿದರೆ ಪೂ. ಮತ್ತು ಅ. ಈಗ ಮಗುವಿನ ಕಣ್ಣಿನಿಂದ ನೋಡಿ. ‘ಪೂ’ ಎಂಬುದು ಇಂಗ್ಲಿಷಿನ ಪಿ, ‘ಅ’ ಎಂಬುದು ಇಂಗ್ಲಿಷಿನ ಎ ಎಂದು ಮಗು ಅಕ್ಷರಕ್ಕೆ ಅಕ್ಷರ ಹೊಂದಿಸುತ್ತದೆ. ಫಲ ಏನು? ಕನ್ನಡದ ಪೂ. ಬೆಳಿಗ್ಗೆ, ಇಂಗ್ಲಿಷಿನ ಪಿ.ಎಂ. ಸಂಜೆ. ಕನ್ನಡದ ಅ. ಮಧ್ಯಾಹ್ನದ ನಂತರ, ಇಂಗ್ಲಿಷಿನ ಎ.ಎಂ. ಬೆಳಿಗ್ಗೆ. ಎರಡೂ ತಿರುಗುಮುರುಗು. ತಮಿಳು ಮಕ್ಕಳಿಗೆ ಈ ಕಾಟ ಇಲ್ಲ. ಅವರದು ಮುರ್ಪಗಲ್, ಪಿರ್ಪಗಲ್, ಚಿಕ್ಕದಾಗಿ ಮು.ಪ., ಪಿ.ಪ. ಅವರ ಪಿ.ಪ.ವೂ ಇಂಗ್ಲಿಷಿನ ಪಿ.ಎಂ. ಕೂಡ ‘ಪಿ’ಯಿಂದಲೇ ಶುರು, ಅರ್ಥವೂ ಒಂದೇ. ಅದು ಅವರ ಅದೃಷ್ಟ. ಹೊಸೂರು, ತಾಳವಾಡಿಯ ನಮ್ಮ ಮಕ್ಕಳು ಇದನ್ನು ತಮ್ಮ ಲಾಭಕ್ಕೆ ಬಳಸಿಕೊಳ್ಳಬಹುದು. ತಮಿಳಿನ ಪಗಲ್ ಎಂದರೆ ನಮ್ಮ ಹಗಲೇ. ಮುರ್ಪಗಲ್ ಹಗಲಿನ ಮುಂಭಾಗ, ಪಿರ್ಪಗಲ್ ಹಗಲಿನ ಹಿಂಭಾಗ. ನಮ್ಮ ಮಾತಿನಿಂದಲೇ ಅವರ ಮಾತು ತಿಳಿಯುತ್ತದೆ.

ಕಾಸರಗೋಡಿನಲ್ಲಿ ತೊಡಕು ಬೇರೆ. ಮಲಯಾಳದಲ್ಲಿ ಬೆಳಿಗ್ಗೆಗೆ ‘ರಾವಿಲೆ’ ಎನ್ನುತ್ತಾರೆ. ಅದನ್ನು ಯಾರಾದರೂ ಮೊದಲ ಅಕ್ಷರಕ್ಕೆ ಇಳಿಸಿದರೆ ‘ರಾ.’ ಆಗುತ್ತದೆ. ಕನ್ನಡದಲ್ಲಿ ರಾ. ಎಂದರೆ ರಾತ್ರಿ. ರಾ. 7 ಎಂದು ಬರೆದದ್ದನ್ನು ಒಬ್ಬರು ಬೆಳಿಗ್ಗೆ ಏಳು ಎಂದೂ ಇನ್ನೊಬ್ಬರು ರಾತ್ರಿ ಏಳು ಎಂದೂ ಓದಿದರೆ ಇಬ್ಬರದೂ ತಪ್ಪಲ್ಲ. ಮಲಯಾಳದ ‘ಉಚ್ಚ’ ಎಂದರೆ ಮಧ್ಯಾಹ್ನ. ಅದೇ ‘ಉ’ ಮಡಕಶಿರಾ, ರಾಯದುರ್ಗ, ಆದೋನಿಯ ತೆಲುಗು ನೋಟಿಸಿನಲ್ಲಿ ‘ಉದಯಂ’, ಅಂದರೆ ಬೆಳಿಗ್ಗೆ. ಆಂಧ್ರದ ಕಡೆಯ ಉಳಿದ ಅಕ್ಷರಗಳು ಮಾತ್ರ ನಮಗೆ ಹತ್ತಿರ: ಮ. ಮಧ್ಯಾಹ್ನ, ಸಾ. ಸಾಯಂಕಾಲ, ರಾ. ರಾತ್ರಿ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತಕ್ಕೆ ಬನ್ನಿ. ಮರಾಠಿಯಲ್ಲಿ ಸ. ಎಂದರೆ ಸಕಾಳಿ, ಬೆಳಿಗ್ಗೆ. ಕನ್ನಡದ ಸಂ. ಎಂದರೆ ಸಂಜೆ. ನಡುವೆ ಒಂದು ಸೊನ್ನೆ ಮಾತ್ರ. ಕೈಬರಹದ ನೋಟಿಸಿನಲ್ಲಿ ಆ ಸೊನ್ನೆ ಅಳಿಸಿದರೆ ಹನ್ನೆರಡು ಗಂಟೆಯ ವ್ಯತ್ಯಾಸ. ದು. ಎಂದರೆ ದುಪಾರಿ, ಮಧ್ಯಾಹ್ನ. ವಾ. ಎಂದರೆ ವಾಜತಾ, ಅಂದರೆ ಇಷ್ಟು ಗಂಟೆಗೆ. ಅಲ್ಲಿಯ ನಮ್ಮವರ ಕನ್ನಡದಲ್ಲೂ ಒಂದು ವಿಶೇಷ ಉಂಟು. ಅವರಿಗೆ ‘ಮುಂಜಾನೆ ಹತ್ತು ಗಂಟೆ’ ಸಹಜ ಮಾತು. ಮೈಸೂರಿನ ಕಡೆಯವರಿಗೆ ಮುಂಜಾನೆ ಎಂದರೆ ಕೋಳಿ ಕೂಗುವ ಹೊತ್ತು. ಪಠ್ಯಪುಸ್ತಕ ‘ಬೆಳಿಗ್ಗೆ’ ಎಂದರೆ ಮಗು ಮನೆಯ ಮಾತನ್ನು ತಪ್ಪು ಎಂದುಕೊಳ್ಳುತ್ತದೆ. ತಪ್ಪಲ್ಲ ಎಂದು ಹೇಳುವುದು ಶಿಕ್ಷಕರ ಕೆಲಸ. ಕಾಸರಗೋಡಿನ ಹವ್ಯಕರ ಮನೆಯ ‘ಉದಿಯಪ್ಪಗ’, ತುಳು ಮನೆಯ ‘ಕಾಂಡೆ’ ಕೂಡ ಹಾಗೆಯೇ. ಮನೆಯ ಮಾತಿನಿಂದ ಶುರು ಮಾಡಿ ಪಠ್ಯದ ಮಾತಿಗೆ, ಅಲ್ಲಿಂದ ಕಚೇರಿಯ ಅಕ್ಷರಕ್ಕೆ ಹೋದರೆ ದಾರಿ ತಪ್ಪುವುದಿಲ್ಲ.

ಇನ್ನೊಂದು ದೊಡ್ಡ ವ್ಯತ್ಯಾಸವನ್ನು ಹೇಳಬೇಕು. ಎ.ಎಂ., ಪಿ.ಎಂ. ದಿನವನ್ನು ಎರಡೇ ಹೋಳು ಮಾಡುತ್ತವೆ. ಕನ್ನಡ ಹಾಗೆ ಮಾಡುವುದಿಲ್ಲ. ನಮಗೆ ನಸುಕು ಇದೆ, ಬೆಳಗಿನ ಜಾವ ಇದೆ, ಬೆಳಿಗ್ಗೆ, ಮಧ್ಯಾಹ್ನ, ಇಳಿಹೊತ್ತು, ಸಂಜೆ, ರಾತ್ರಿ, ನಡುರಾತ್ರಿ ಇವೆ. ಅಪರಾಹ್ನ ಎಂಬ ಮಾತು ಕೂಡ ಮೂಲದಲ್ಲಿ ಪಿ.ಎಂ. ಅಲ್ಲ. ಹಗಲನ್ನು ಪ್ರಾತಃಕಾಲ, ಸಂಗವ, ಮಧ್ಯಾಹ್ನ, ಅಪರಾಹ್ನ, ಸಾಯಾಹ್ನ ಎಂದು ಐದು ಪಾಲು ಮಾಡಿದಾಗ ಅಪರಾಹ್ನ ಅದರಲ್ಲಿ ಒಂದು ಪಾಲು ಮಾತ್ರ. ಹಾಗಾಗಿ ‘ಅಪರಾಹ್ನ 11 ಗಂಟೆ’ ಎಂದರೆ ನಮ್ಮ ಕಿವಿಗೆ ಒಗ್ಗುವುದಿಲ್ಲ. ನಾವು ರಾತ್ರಿ ಹನ್ನೊಂದು ಎನ್ನುತ್ತೇವೆ. ಗಡಿಯಾರದ ಲೆಕ್ಕದಲ್ಲಿ ನೋಡಿದರೆ ನಮ್ಮ ಮಾತೇ ಹೆಚ್ಚು ಸ್ಪಷ್ಟ. ಬೆಳಗಿನ ಜಾವ 2 ಎಂದರೆ ಯಾರಿಗೂ ಗೊಂದಲ ಇಲ್ಲ. 2 ಎ.ಎಂ. ಎಂದಾಗ ಅದು ರಾತ್ರಿಯೋ ಬೆಳಿಗ್ಗೆಯೋ ಎಂದು ದೊಡ್ಡವರೇ ಒಂದು ಕ್ಷಣ ಯೋಚಿಸುತ್ತಾರೆ.

ಆದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಎ.ಎಂ., ಪಿ.ಎಂ. ಬದಲಿಗೆ ಪೂ., ಅ. ಎಂದು ಬರೆದರೆ ಕನ್ನಡದ ಕೆಲಸ ಆಯಿತು ಎಂದುಕೊಳ್ಳುವುದು ಸರಿಯಲ್ಲ. ಅದು ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತದೆ. ನಮ್ಮ ಶಾಲೆಗಳ ನೋಟಿಸುಗಳಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂಬ ಪೂರ್ತಿ ಮಾತು ಇರಲಿ. ನಾಲ್ಕು ಅಕ್ಷರ ಉಳಿಸಲು ಹೋಗಿ ಒಂದು ವರ್ಷ ಕಳೆಯುವುದು ಬೇಡ. ಪೂರ್ವಾಹ್ನ, ಅಪರಾಹ್ನಗಳನ್ನು ಕಲಿಸೋಣ, ಅವು ಬೇಕಾದ ಮಾತುಗಳೇ, ಆದರೆ ಒಂಟಕ್ಷರಕ್ಕೆ ಇಳಿಸುವುದು ಬೇಡ.

ಮಕ್ಕಳು ಎಡವುವ ಇನ್ನೂ ಕೆಲವು ಜಾಗಗಳಿವೆ. ಗಣಿತದ ಉತ್ತರಪತ್ರಿಕೆಗಳಲ್ಲಿ ಇವನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಮೊದಲನೆಯದು ಗಂಟೆ ಎಂಬ ಮಾತು. ಕನ್ನಡದಲ್ಲಿ ಗಡಿಯಾರದ ಹೊತ್ತಿಗೂ ಗಂಟೆ, ಅವಧಿಗೂ ಗಂಟೆ. ಮಲಯಾಳದಲ್ಲಿ ಹೊತ್ತಿಗೆ ಮಣಿ, ಅವಧಿಗೆ ಮಣಿಕ್ಕೂರ್. ತಮಿಳಿನಲ್ಲಿ ಮಣಿ ಮತ್ತು ಮಣಿ ನೇರಂ. ಮರಾಠಿಯಲ್ಲಿ ಅವಧಿಗೆ ತಾಸ್. ನಾವು ವಿಭಕ್ತಿಯಿಂದ ಬೇರ್ಪಡಿಸುತ್ತೇವೆ: ‘ಎರಡು ಗಂಟೆಗೆ ಪರೀಕ್ಷೆ’, ‘ಎರಡು ಗಂಟೆಯ ಪರೀಕ್ಷೆ’. ಅದನ್ನೇ ‘ಗಂ. 2’ ಎಂದು ಮೊಟಕು ಮಾಡಿದರೆ ವಿಭಕ್ತಿ ಬಿದ್ದುಹೋಗುತ್ತದೆ, ಅದರ ಜೊತೆಗೆ ಅರ್ಥವೂ ಬೀಳುತ್ತದೆ. ಇಂಗ್ಲಿಷಿನಲ್ಲಿ ‘ಅವರ್ಸ್’ ಎಂಬುದರ ಸಂಕ್ಷಿಪ್ತಕ್ಕೂ ಇದೇ ಕಾಯಿಲೆ. 1400 ಅವರ್ಸ್ ಎಂದರೆ ಮಧ್ಯಾಹ್ನ ಎರಡಕ್ಕೆ. 2 ಅವರ್ಸ್ ಎಂದರೆ ಎರಡು ಗಂಟೆಯ ಕಾಲ.

ಎರಡನೆಯದು ಚುಕ್ಕೆ. ನಾವು 10.30 ಎಂದೂ 10-30 ಎಂದೂ ಬರೆಯುತ್ತೇವೆ. ದಶಮಾಂಶ ಕಲಿತ ಮಗುವಿಗೆ 10.30 ಎಂದರೆ ಹತ್ತು ಮತ್ತು ನೂರರಲ್ಲಿ ಮೂವತ್ತು. 1.45ಕ್ಕೆ ಹೊರಟ ಬಸ್ಸು 2.15ಕ್ಕೆ ತಲುಪಿದರೆ ಹಿಡಿದ ಸಮಯ ಎಷ್ಟು ಎಂದು ಕೇಳಿದರೆ ಕೆಲವರು ಕಳೆದು 0.70, ಅಂದರೆ 70 ನಿಮಿಷ ಎಂದು ಬರೆಯುತ್ತಾರೆ. ಸರಿಯುತ್ತರ 30 ನಿಮಿಷ. ಹಾಗೆಯೇ 1.5 ಗಂಟೆ ಎಂದರೆ ಒಂದೂವರೆ ಗಂಟೆ. ಒಂದು ಗಂಟೆ ಐದು ನಿಮಿಷ ಅಲ್ಲ. ಗಂಟೆ ಮತ್ತು ನಿಮಿಷದ ನಡುವೆ ಎರಡು ಚುಕ್ಕೆ ಇಟ್ಟು 10:30 ಎಂದು ಬರೆಯಲು ಕಲಿಸಿದರೆ ಅರ್ಧ ತಪ್ಪು ಕಡಿಮೆಯಾಗುತ್ತದೆ. ನಮ್ಮ ಕಾಲು, ಅರೆ, ಮುಕ್ಕಾಲು ಇನ್ನೂ ಒಳ್ಳೆಯವು. ಕಾಲು ಎಂದರೆ 15 ನಿಮಿಷ ಎಂದು ತಿಳಿದ ಮಗು ಎರಡೂಕಾಲರಲ್ಲಿ ಒಂದೂಮುಕ್ಕಾಲನ್ನು ಬಾಯಲ್ಲೇ ಕಳೆಯುತ್ತದೆ.

ಮೂರನೆಯದು ಹನ್ನೆರಡು. ನಡುಹಗಲು ಎಂಬುದು ನಡುಹಗಲಿಗೆ ಮೊದಲೂ ಅಲ್ಲ, ನಂತರವೂ ಅಲ್ಲ. ಆದ್ದರಿಂದ 12 ಎ.ಎಂ., 12 ಪಿ.ಎಂ. ಎರಡೂ ಅರ್ಥದ ಲೆಕ್ಕದಲ್ಲಿ ಸರಿ ಕೂರುವುದಿಲ್ಲ. ಬಳಕೆಯಲ್ಲಿ 12 ಪಿ.ಎಂ. ಮಧ್ಯಾಹ್ನ, 12 ಎ.ಎಂ. ನಡುರಾತ್ರಿ. ಅರ್ಜಿಯ ಕೊನೆಯ ಹೊತ್ತನ್ನು 11:59 ಪಿ.ಎಂ. ಎಂದು ಹಾಕುವುದು ಈ ಗೊಂದಲ ತಪ್ಪಿಸಲೆಂದೇ. ಹಾಗೆಂದು ರಾತ್ರಿ 11:50ರವರೆಗೆ ಕಾಯಬೇಡಿ, ಆ ಹೊತ್ತಿಗೆ ನಮ್ಮೂರುಗಳಲ್ಲಿ ಕರೆಂಟೋ ನೆಟ್‌ವರ್ಕೋ ಇರುತ್ತದೆ ಎಂಬ ಖಾತ್ರಿ ಇಲ್ಲ.

ನಾಲ್ಕನೆಯದು ರೈಲಿನ ಗಡಿಯಾರ. ರೈಲ್ವೆಯವರು 24 ಗಂಟೆಯ ಲೆಕ್ಕ ಬಳಸುತ್ತಾರೆ, ಅಲ್ಲಿ ಎ.ಎಂ., ಪಿ.ಎಂ. ಬೇಕಿಲ್ಲ. 17:40 ಎಂದರೆ ಹನ್ನೆರಡು ಕಳೆದು ಸಂಜೆ 5:40. ತೊಂದರೆ ಬರುವುದು 00:20ರಂಥ ಹೊತ್ತಿಗೆ. ಟಿಕೆಟಿನಲ್ಲಿ 15ನೇ ತಾರೀಖು 00:20 ಎಂದಿದ್ದರೆ ನೀವು ನಿಲ್ದಾಣಕ್ಕೆ ಹೋಗಬೇಕಾದದ್ದು 14ನೇ ತಾರೀಖಿನ ರಾತ್ರಿ ಊಟ ಮುಗಿಸಿ. 15ರ ರಾತ್ರಿ ಹೋದರೆ ರೈಲು ಹೋಗಿ ಒಂದು ದಿನ ಆಗಿರುತ್ತದೆ. ಈ ತಪ್ಪಿಗೂ ನಮ್ಮ ರೂಢಿಗೂ ಸಂಬಂಧ ಇದೆ. ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ಅಜ್ಜಿಗೆ ಶುಕ್ರವಾರ ರಾತ್ರಿ ಎಂದರೆ ಬೆಳಕು ಹರಿಯುವವರೆಗೂ ಶುಕ್ರವಾರವೇ. ಕಚೇರಿಗೆ ನಡುರಾತ್ರಿ ಕಳೆದ ಕೂಡಲೇ ಶನಿವಾರ. ಎರಡೂ ಲೆಕ್ಕ ಸರಿ, ಯಾವುದು ಎಲ್ಲಿ ಎಂದು ಮಗುವಿಗೆ ಹೇಳಿಕೊಡಬೇಕು.

ಐದನೆಯದು ಐ.ಎಸ್.ಟಿ. ಆನ್‌ಲೈನ್ ಪರೀಕ್ಷೆ, ಆನ್‌ಲೈನ್ ಸಭೆಯ ಸೂಚನೆಗಳಲ್ಲಿ ಇದು ಬರುತ್ತದೆ: ಇಂಡಿಯನ್ ಸ್ಟ್ಯಾಂಡರ್ಡ್ ಟೈಮ್, ಭಾರತದ ಪ್ರಮಾಣ ಕಾಲ. 1906ರಿಂದ ಬಂದ ಈ ಕಾಲಕ್ಕೆ ಆಧಾರ ಪೂರ್ವ ರೇಖಾಂಶ 82.5 ಡಿಗ್ರಿ. ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದೆ. ಕಾಸರಗೋಡಿನ ಎಷ್ಟೋ ಮಕ್ಕಳ ತಂದೆಯಂದಿರು ಕೊಲ್ಲಿ ದೇಶಗಳಲ್ಲಿದ್ದಾರೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಸೌದಿ, ಕುವೈತ್, ಕತಾರ್ ಎರಡೂವರೆ ಗಂಟೆ ಹಿಂದೆ. ರಕ್ಷಕರ ಸಭೆ ರಾತ್ರಿ 8 ಐ.ಎಸ್.ಟಿ. ಎಂದರೆ ದುಬೈಯ ಅಪ್ಪನಿಗೆ ಸಂಜೆ 6:30. ಈ ಲೆಕ್ಕವನ್ನು ಮನೆಯಲ್ಲಿ ಮಗುವಿನ ಕೈಯಲ್ಲೇ ಮಾಡಿಸಿ. ಅಪ್ಪನಿಗೆ ಫೋನು ಮಾಡುವ ಹೊತ್ತಿಗಿಂತ ಒಳ್ಳೆಯ ಗಣಿತದ ಪಾಠ ಇಲ್ಲ.

ಇದೇ ಐ.ಎಸ್.ಟಿ.ಯಿಂದ ಇನ್ನೊಂದು ಪಾಠವನ್ನೂ ಹೇಳಬಹುದು. ಕಾಸರಗೋಡು ಇರುವುದು ಸುಮಾರು 75 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಸುಮಾರು ಅರ್ಧ ಗಂಟೆ ಹಿಂದೆ. ಶಾಲೆಯಂಗಳದಲ್ಲಿ ಒಂದು ಕೋಲು ನೆಟ್ಟು ನೆರಳು ಅಳೆಯಿರಿ. ನೆರಳು ಅತಿ ಗಿಡ್ಡ ಆಗುವುದು ಗಡಿಯಾರದ ಹನ್ನೆರಡಕ್ಕೆ ಅಲ್ಲ, ಋತುವಿಗೆ ತಕ್ಕಂತೆ ಸ್ವಲ್ಪ ಹೆಚ್ಚು ಕಡಿಮೆ ಹನ್ನೆರಡೂವರೆಯ ಹೊತ್ತಿಗೆ. ಅದೇ ನಿಜವಾದ ಮೆರಿಡಿಯಂ. ಅದನ್ನು ಕಣ್ಣಾರೆ ಕಂಡ ಮಗು ಎ.ಎಂ., ಪಿ.ಎಂ.ಗಳನ್ನು ಮುಂದೆಂದೂ ಮರೆಯುವುದಿಲ್ಲ.

ಒಂದು ಆಕ್ಷೇಪ ನನಗೆ ಗೊತ್ತು. ‘ಇಷ್ಟೆಲ್ಲ ಏಕೆ? ನೇರ ಇಂಗ್ಲಿಷಿನಲ್ಲೇ ಕಲಿಸಿಬಿಟ್ಟರೆ ಆಯಿತಲ್ಲ?’ ಇಂಗ್ಲಿಷಿನ ಅಕ್ಷರಗಳನ್ನು ಕಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಅವುಗಳಿಂದ ಮಕ್ಕಳನ್ನು ದೂರ ಇಡುವುದು ಕನ್ನಡದ ಸೇವೆ ಅಲ್ಲ. ಆದರೆ ಅರ್ಥ ತಿಳಿಸದೆ ಅಕ್ಷರ ಮಾತ್ರ ಕಲಿಸಿದರೆ ಆ ತಂದೆಗೆ ಆದದ್ದೇ ಆಗುತ್ತದೆ. ಅವರಿಗೆ ಎ.ಎಂ. ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಅದರೊಳಗಿನ ಮಾತು. ಮಾತು ಗೊತ್ತಿದ್ದರೆ ಹೊಸ ಅಕ್ಷರ ಎದುರಾದಾಗ ‘ಇದು ಬೇರೆ ಇರಬಹುದು, ಕೇಳೋಣ’ ಎಂಬ ಅನುಮಾನವಾದರೂ ಹುಟ್ಟುತ್ತದೆ. ಅರ್ಥವನ್ನು ಮಗುವಿಗೆ ಬೇಗ ಮುಟ್ಟಿಸುವುದು ಮನೆಯ ಭಾಷೆ.

ಇನ್ನು ಮಾಡಬೇಕಾದ ಕೆಲಸ. ಹಣ ಬೇಡ, ಆದೇಶ ಬೇಡ. ನಮ್ಮ ಪ್ರತಿ ಕನ್ನಡ ಶಾಲೆಯ ಗಡಿಯಾರದ ಕೆಳಗೆ ಒಂದು ರಟ್ಟು ಅಂಟಿಸಲಿ. ಅದರಲ್ಲಿ ಮೂರು ಸಾಲು: ಕನ್ನಡದ ಪೂರ್ತಿ ಮಾತು, ರಾಜ್ಯದ ಭಾಷೆಯ ಮಾತು ಮತ್ತು ಸಂಕ್ಷಿಪ್ತ, ಇಂಗ್ಲಿಷಿನ ಎ.ಎಂ., ಪಿ.ಎಂ., ಎಫ್.ಎನ್., ಎ.ಎನ್. ಮಕ್ಕಳೇ ಬರೆಯಲಿ. ರಕ್ಷಕ-ಶಿಕ್ಷಕ ಸಂಘದ ಮುಂದಿನ ಸಭೆಯಲ್ಲಿ ಇದನ್ನು ಕೇಳಿ. ಸಭೆಯ ಚೀಟಿಯಲ್ಲಿ ಹೊತ್ತನ್ನು ಪೂರ್ತಿ ಕನ್ನಡದಲ್ಲಿ ಹಾಕಿ ಎಂದೂ ಕೇಳಿ.

ಕಚೇರಿಗಳಿಗೂ ಕೇಳಬಹುದು. ಸಂವಿಧಾನದ 350ನೇ ವಿಧಿಯಂತೆ ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ನಮಗಿದೆ. 1956ರಲ್ಲಿ ಸೇರಿದ 350-ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಸೌಲಭ್ಯ ಒದಗಿಸಬೇಕೆನ್ನುತ್ತದೆ. ಪ್ರವೇಶಪತ್ರದಲ್ಲಿ ಗಂಟೆಯನ್ನು ಅಂಕಿಯಲ್ಲಿ ಹಾಕಿ, ಎಫ್.ಎನ್., ಎ.ಎನ್. ಎಂದಷ್ಟೇ ಬರೆದು ಬಿಡಬೇಡಿ ಎಂದು ಕೇಳುವುದು ಕನ್ನಡಿಗರಿಗೆ ಮಾತ್ರ ಉಪಕಾರವಲ್ಲ. ಮಲಯಾಳ, ತಮಿಳು, ಮರಾಠಿ, ತೆಲುಗು ಮಾಧ್ಯಮದ ಮನೆಗಳಿಗೂ ಅದೇ ತೊಂದರೆ, ಅವರೂ ಸಹಿ ಹಾಕಿಯಾರು.

ಮನೆಯಲ್ಲಿ ಮಾಡಬೇಕಾದದ್ದು ಇನ್ನೂ ಸುಲಭ. ಯಾವುದೇ ಕರೆಪತ್ರ, ಪ್ರವೇಶಪತ್ರ, ಟಿಕೆಟು ಬಂದಾಗ ಮಗುವಿನ ಜೊತೆ ಕೂತು ಓದಿ. ಹೊತ್ತಿನ ಪಕ್ಕದಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆಯಿಸಿ: ‘ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ. ಮನೆಯಿಂದ ಏಳಕ್ಕೆ ಹೊರಡಬೇಕು.’ ಬರೆಯಲು ಬಾರದಿದ್ದರೆ ಅರ್ಥ ಆಗಿಲ್ಲ ಎಂದಾಯಿತು, ಆಗ ಶಿಕ್ಷಕರನ್ನು ಕೇಳಿ. ಕೇಳಲು ನಾಚಿಕೆ ಬೇಡ.

ನೆರೆಮನೆಯ ಆ ಹುಡುಗಿ ಈ ವರ್ಷ ಮತ್ತೆ ಅರ್ಜಿ ಹಾಕಿದ್ದಾಳೆ. ಅವಳ ತಮ್ಮ ನಮ್ಮ ಕನ್ನಡ ಶಾಲೆಯಲ್ಲೇ ಐದನೆಯ ತರಗತಿಯಲ್ಲಿದ್ದಾನೆ. ಅವನನ್ನು ಬೇರೆ ಶಾಲೆಗೆ ಸೇರಿಸಬೇಕೆ ಎಂದು ತಂದೆ ನನ್ನನ್ನು ಕೇಳಿದರು. ಬೇಡ ಎಂದೆ. ಹೇಳಿದ ಮೇಲೆ, ಆ ಶಾಲೆಯಲ್ಲಿ ಗಡಿಯಾರದ ಕೆಳಗೆ ಆ ರಟ್ಟು ಅಂಟಿಸುವ ಹೊಣೆಯೂ ನನ್ನ ಮೇಲೆ ಬಂತು. ಮುಂದಿನ ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ ಹೋಗುತ್ತಿದ್ದೇನೆ.